ಪಿತ್ತಕೋಶದ ಕಲ್ಲಿಗೆ ಕೀಹೋಲ್ ಆಪರೇಷನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹೊಟ್ಟೆಯನ್ನು ಉದ್ದಕ್ಕೆ ಕೊಯ್ಯದೆ, ಮೂರ್ನಾಲ್ಕು ಸಣ್ಣ ತೂತುಗಳ ಮೂಲಕವೇ ಮಾಡುವ ಆಪರೇಷನ್‌ಗಳು ಈಗ ಹತ್ತಾರು ಬಗೆ. ಅಪೆಂಡಿಕ್ಸ್, ಹರ್ನಿಯಾ, ಗರ್ಭಕೋಶ, ಅಂಡಾಶಯದ ಗಡ್ಡೆ, ಸಂತಾನಹರಣ, ಎಲ್ಲಕ್ಕೂ ಈ ದಾರಿ ಇದೆ. ಎಲ್ಲವನ್ನೂ ಒಟ್ಟಿಗೆ ಹೇಳಹೊರಟರೆ ಯಾವುದೂ ಸರಿಯಾಗಿ ತಿಳಿಯುವುದಿಲ್ಲ. ಹಾಗಾಗಿ ಪಿತ್ತಕೋಶದ ಕಲ್ಲನ್ನೇ ಮುಂದಿಟ್ಟುಕೊಂಡಿದ್ದೇವೆ. ಬೇರೆ ಆಪರೇಷನ್‌ಗೆ ದಿನ ಗೊತ್ತು ಮಾಡಿಕೊಂಡವರಿಗೂ ಇಲ್ಲಿನ ಮುಕ್ಕಾಲು ಪಾಲು ಅನ್ವಯಿಸುತ್ತದೆ. ಓದುವಾಗ ಒಂದು ಮಾತು ನೆನಪಿರಲಿ: ಇಲ್ಲಿ ಚಿಕ್ಕದಾಗಿರುವುದು ಹೊರಗಿನ ಗಾಯ ಮಾತ್ರ. ಒಳಗೆ ನಡೆಯುವುದು ಪೂರ್ತಿ ಪ್ರಮಾಣದ ಆಪರೇಷನ್ನೇ.

ಕೀಹೋಲ್, ಲ್ಯಾಪ್ರೋಸ್ಕೋಪಿ, ಲೇಸರ್: ಎಲ್ಲಾ ಒಂದೇನಾ?

ಮೊದಲಿನ ಎರಡು ಒಂದೇ. ಸರ್ಕಾರಿ ಆಸ್ಪತ್ರೆಯ ಕಾಗದಗಳಲ್ಲಿ ‘ಉದರದರ್ಶಕ ಶಸ್ತ್ರಚಿಕಿತ್ಸೆ’ ಎಂದಿರುತ್ತದೆ, ಅದೂ ಇದೇ. ಲೇಸರ್ ಮಾತ್ರ ಬೇರೆ. ‘ನಮ್ಮ ಪಕ್ಕದ ಮನೆಯವರಿಗೆ ಲೇಸರ್‌ನಲ್ಲಿ ಕಲ್ಲು ತೆಗೆದರು’ ಎಂದು ದಿನಕ್ಕೊಬ್ಬರಾದರೂ ಹೇಳುತ್ತಾರೆ. ವಿಚಾರಿಸಿದರೆ ಅವರಿಗೆ ಇದ್ದದ್ದು ಮೂತ್ರದ ಕಲ್ಲು. ಮೂತ್ರನಾಳದ ಕಲ್ಲನ್ನು ಲೇಸರ್‌ನಿಂದ ಪುಡಿ ಮಾಡುವುದು ನಿಜ. ಪಿತ್ತಕೋಶದ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಬಳಸುವುದು ವಿದ್ಯುತ್ತಿನಿಂದ ಸುಟ್ಟು ರಕ್ತ ನಿಲ್ಲಿಸುವ ಉಪಕರಣ, ಅದಕ್ಕೆ ಕಾಟರಿ ಎನ್ನುತ್ತಾರೆ.

ಬೇರೇನೋ ತೊಂದರೆಗೆ ಸ್ಕ್ಯಾನ್ ಮಾಡಿಸಿದೆ, ಕಲ್ಲಿದೆ ಅಂತ ಬಂತು. ನೋವೇ ಇಲ್ಲ. ಆಪರೇಷನ್ ಬೇಕೇ ಬೇಕಾ?

ಬಹುತೇಕ ಸಂದರ್ಭಗಳಲ್ಲಿ ಬೇಡ. ತೊಂದರೆ ಕೊಡದೆ ಸುಮ್ಮನಿರುವ ಕಲ್ಲುಗಳಿಂದ ಮುಂದೆ ನೋವು ಶುರುವಾಗುವುದು ವರ್ಷಕ್ಕೆ ನೂರರಲ್ಲಿ ಒಬ್ಬಿಬ್ಬರಿಗೆ, ಹೆಚ್ಚೆಂದರೆ ನಾಲ್ವರಿಗೆ. ಉಳಿದವರು ಕಲ್ಲಿಟ್ಟುಕೊಂಡೇ ಆಯುಸ್ಸು ಕಳೆಯುತ್ತಾರೆ. ಇದಕ್ಕೆ ಕೆಲವು ಅಪವಾದಗಳಿವೆ. ಕಲ್ಲು ಮೂರು ಸೆಂಟಿಮೀಟರಿಗಿಂತ ದೊಡ್ಡದಿದ್ದರೆ, ಜೊತೆಗೆ ಒಂದು ಸೆಂಟಿಮೀಟರ್ ದಾಟಿದ ಪಾಲಿಪ್ (ಒಳಗೋಡೆಯಲ್ಲಿ ಬೆಳೆದ ಗಂಟು) ಇದ್ದರೆ, ಪಿತ್ತಕೋಶದ ಗೋಡೆಯಲ್ಲಿ ಸುಣ್ಣ ಕಟ್ಟಿದ್ದರೆ, ಕುಡಗೋಲು ಕಣ ರಕ್ತಹೀನತೆಯಂಥ (ಸಿಕಲ್ ಸೆಲ್) ರಕ್ತದ ಕಾಯಿಲೆ ಇದ್ದರೆ ನೋವಿಲ್ಲದಿದ್ದರೂ ತೆಗೆಸಲು ಹೇಳಬಹುದು.

ನೋವು ಅಂದರೆ ಎಂಥ ನೋವು ಎಂಬುದೂ ಮುಖ್ಯ. ಪಿತ್ತಕೋಶದ ನೋವು ಪಕ್ಕೆಲುಬಿನ ಕೆಳಗೆ ಬಲಗಡೆ ಅಥವಾ ಎದೆಗುಂಡಿಗೆಯ ಕೆಳಗೆ ಹಿಡಿದುಕೊಳ್ಳುತ್ತದೆ, ಬೆನ್ನಿಗೋ ಬಲ ಹೆಗಲಿಗೋ ಹರಿಯುತ್ತದೆ. ಮದುವೆಮನೆಯ ಎಣ್ಣೆಯೂಟ ಉಂಡ ರಾತ್ರಿ ಶುರುವಾಗಿ ಅರ್ಧ ಗಂಟೆಯಿಂದ ಐದಾರು ಗಂಟೆ ಕಾಡಿ ತಾನಾಗಿ ಬಿಡುತ್ತದೆ. ಬರೀ ಹುಳಿತೇಗು, ಹೊಟ್ಟೆಯುಬ್ಬರ, ಗ್ಯಾಸ್ ಇದ್ದವರು ಪಿತ್ತಕೋಶ ತೆಗೆಸಿಕೊಂಡ ಮೇಲೂ ಅದೇ ತೇಗಿನೊಂದಿಗೆ ವಾಪಸ್ ಬರುವುದುಂಟು. ತೊಂದರೆ ಕಲ್ಲಿನದೋ ಹೊಟ್ಟೆಯದೋ ಎಂದು ಮೊದಲೇ ಬಗೆಹರಿಸಿಕೊಳ್ಳಿ.

ಬಾಳೆದಿಂಡಿನ ರಸ ಕುಡಿದರೆ ಕರಗಲ್ವಾ? ಮಾತ್ರೆಯಲ್ಲಿ?

ಬಾಳೆದಿಂಡನ್ನು ನಮ್ಮಲ್ಲಿ ಹೇಳುವುದು ಮೂತ್ರದ ಕಲ್ಲಿಗೆ. ಮೂತ್ರಪಿಂಡದ ದಾರಿಯೇ ಬೇರೆ, ಪಿತ್ತಕೋಶದ ದಾರಿಯೇ ಬೇರೆ. ಕುಡಿದ ರಸ ಪಿತ್ತಕೋಶದೊಳಕ್ಕೆ ಹೋಗುವುದೂ ಇಲ್ಲ. ಪಲ್ಯ ಮಾಡಿಕೊಂಡು ತಿನ್ನಿ, ನಾರು ಒಳ್ಳೆಯದು, ಅಷ್ಟೇ. ಕಲ್ಲು ಕರಗಿಸಲು ಅರ್ಸೋಡಿಯಾಕ್ಸಿಕೋಲಿಕ್ ಆಸಿಡ್ ಎಂಬ ಮಾತ್ರೆ ಇದೆ. ಅದು ಕೆಲಸ ಮಾಡುವುದು ಸಣ್ಣ ಕೊಲೆಸ್ಟರಾಲ್ ಕಲ್ಲುಗಳ ಮೇಲೆ ಮಾತ್ರ, ಅದಕ್ಕೂ ತಿಂಗಳುಗಟ್ಟಲೆ ನುಂಗಬೇಕು, ನಿಲ್ಲಿಸಿದ ಮೇಲೆ ಕಲ್ಲು ಮತ್ತೆ ಕಟ್ಟುವುದು ಸಾಮಾನ್ಯ. ಟೊಮೆಟೊ ಬೀಜದಿಂದ ಕಲ್ಲಾಗುತ್ತದೆ ಎಂಬುದೂ ಸುಳ್ಳು. ಅನ್ನಾಹಾರದ ಬೀಜ ಪಿತ್ತಕೋಶಕ್ಕೆ ಹೋಗುವ ದಾರಿಯೇ ಇಲ್ಲ.

ಕಲ್ಲು ಮಾತ್ರ ತೆಗೆದು ಚೀಲ ಬಿಡಬಾರದಾ? ಚೀಲವೇ ಇಲ್ಲದೆ ಹೇಗೆ?

ಕಲ್ಲು ಕಟ್ಟಿದ್ದು ಆ ಚೀಲದಲ್ಲೇ. ಬಿಟ್ಟರೆ ಮತ್ತೆ ಕಟ್ಟುತ್ತದೆ. ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ, ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಪಿತ್ತಕೋಶ 30ರಿಂದ 50 ಮಿಲಿಲೀಟರಿನಷ್ಟನ್ನು ಗಟ್ಟಿಮಾಡಿ ಇಟ್ಟುಕೊಳ್ಳುವ ಜಾಗ ಮಾತ್ರ. ಅದನ್ನು ತೆಗೆದ ಮೇಲೆ ರಸ ನೇರವಾಗಿ ಕರುಳಿಗೆ ಹರಿಯುತ್ತಿರುತ್ತದೆ. ಊಟ ಜೀರ್ಣವಾಗುತ್ತದೆ. ಕೆಲವರಿಗೆ ಮೊದಮೊದಲು ಎಣ್ಣೆ ತಿಂದ ಕೂಡಲೇ ತೆಳ್ಳಗೆ ಭೇದಿಯಾಗುತ್ತದೆ, ಬಹುತೇಕರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ.

ಒಳಗೆ ನಿಜವಾಗಿ ಏನು ಮಾಡ್ತಾರೆ?

ನಿಮಗೆ ಪ್ರಜ್ಞೆ ತಪ್ಪಿದ ಮೇಲೆ ಹೊಕ್ಕುಳ ಹತ್ತಿರ ಒಂದು ಸೆಂಟಿಮೀಟರಿನಷ್ಟು ಕೊಯ್ದು, ಅಲ್ಲಿಂದ ಇಂಗಾಲದ ಡೈಆಕ್ಸೈಡ್ ಅನಿಲವನ್ನು ಹೊಟ್ಟೆಯೊಳಕ್ಕೆ ಬಿಡುತ್ತಾರೆ. ಹೊಟ್ಟೆಯ ಗೋಡೆ ಶಾಮಿಯಾನದ ಹಾಗೆ ಮೇಲೇಳುತ್ತದೆ, ಕರುಳುಗಳು ಕೆಳಗೆ ಉಳಿಯುತ್ತವೆ, ನಡುವೆ ಕೆಲಸ ಮಾಡಲು ಜಾಗವಾಗುತ್ತದೆ. ಒತ್ತಡವನ್ನು ಸಾಮಾನ್ಯವಾಗಿ 12ರಿಂದ 15 ಮಿಲಿಮೀಟರ್ ಪಾದರಸದ ಮಟ್ಟದಲ್ಲಿ ಯಂತ್ರವೇ ಹಿಡಿದಿಡುತ್ತದೆ. ಈ ಅನಿಲವನ್ನೇ ಆರಿಸಲು ಕಾರಣವಿದೆ: ಅದಕ್ಕೆ ಬೆಂಕಿ ಹತ್ತುವುದಿಲ್ಲ, ರಕ್ತದಲ್ಲಿ ಬೇಗ ಕರಗುತ್ತದೆ, ಉಸಿರಿನೊಂದಿಗೆ ಹೊರಬೀಳುತ್ತದೆ.

ಹೊಕ್ಕುಳ ತೂತಿನಿಂದ ಕ್ಯಾಮೆರಾ ಒಳಗೆ ಹೋಗುತ್ತದೆ. ಎದೆಗುಂಡಿಗೆಯ ಕೆಳಗೊಂದು, ಬಲ ಪಕ್ಕೆಯ ಕೆಳಗೆರಡು ತೂತು ಮಾಡಿ ಉದ್ದನೆಯ ಹಿಡಿ ಇರುವ ಚಿಮುಟ, ಕತ್ತರಿ, ಕಾಟರಿ ತೂರಿಸುತ್ತಾರೆ. ಅರ್ಧ ಸೆಂಟಿಮೀಟರಿನಿಂದ ಒಂದು ಸೆಂಟಿಮೀಟರಿನೊಳಗಿನ ತೂತುಗಳು ಇವು. ಸರ್ಜನ್ ಕಣ್ಣು ನಿಮ್ಮ ಹೊಟ್ಟೆಯ ಮೇಲಿರುವುದಿಲ್ಲ, ಟೀವಿಯ ಮೇಲಿರುತ್ತದೆ. ಪಕ್ಕದಲ್ಲೊಬ್ಬರು ಕ್ಯಾಮೆರಾ ಹಿಡಿದು ನಿಂತಿರುತ್ತಾರೆ. ಅವರ ಕೈ ನಡುಗಿದರೆ ಪರದೆಯೂ ನಡುಗುತ್ತದೆ, ಹಾಗಾಗಿ ಅದೂ ಕಲಿತು ಮಾಡುವ ಕೆಲಸ.

ಮುಂದಿನ ಹದಿನೈದು ಇಪ್ಪತ್ತು ನಿಮಿಷವೇ ಇಡೀ ಆಪರೇಷನ್ನಿನ ಜೀವಾಳ. ಪಿತ್ತಕೋಶದ ಕುತ್ತಿಗೆಯ ಸುತ್ತಲಿನ ಕೊಬ್ಬು ಬಿಡಿಸಿ, ಪಿತ್ತಕೋಶದಿಂದ ಹೊರಡುವ ನಾಳ ಮತ್ತು ಅದಕ್ಕೆ ರಕ್ತ ತರುವ ಧಮನಿ, ಇವೆರಡನ್ನೂ ಬೇರೆ ಬೇರೆಯಾಗಿ ಕಾಣುವಂತೆ ಮಾಡಬೇಕು. ಪಿತ್ತಕೋಶಕ್ಕೆ ಹೋಗುತ್ತಿರುವುದು ಎರಡೇ ಎರಡು ಎಂದು ಖಾತರಿಯಾದ ಮೇಲೆಯೇ ಅವನ್ನು ಬಿಗಿದು ಮುಚ್ಚುವ ಕ್ಲಿಪ್, ಆಮೇಲೆ ಕತ್ತರಿ. ಕಾಣದಿದ್ದರೆ ಕತ್ತರಿಸುವ ಹಾಗಿಲ್ಲ. ಆಮೇಲೆ ಯಕೃತ್ತಿನ ತಳದಿಂದ ಚೀಲ ಬಿಡಿಸಿ, ಪ್ಲಾಸ್ಟಿಕ್ ಚೀಲವೊಂದರಲ್ಲಿ ಹಾಕಿ ತೂತಿನಿಂದ ಎಳೆದುಕೊಳ್ಳುತ್ತಾರೆ. ಅನಿಲ ಹೊರಬಿಟ್ಟು ಹೊಲಿಗೆ ಹಾಕುತ್ತಾರೆ. ಎಲ್ಲ ಸೇರಿ ಮುಕ್ಕಾಲು ಗಂಟೆಯಿಂದ ಒಂದೂವರೆ ಗಂಟೆ. ಊತ ಇದ್ದರೆ, ಒಳಗಿನ ಅಂಗಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಇನ್ನೂ ಹೆಚ್ಚು.

ಅಷ್ಟು ದೊಡ್ಡ ಚೀಲ ಇಷ್ಟು ಚಿಕ್ಕ ತೂತಲ್ಲಿ ಹೇಗೆ ಬರುತ್ತೆ?

ರಸ ಹೀರಿ ತೆಗೆದರೆ ಪಿತ್ತಕೋಶ ಕುಗ್ಗುತ್ತದೆ. ಕಲ್ಲು ದೊಡ್ಡದಿದ್ದರೆ ಪ್ಲಾಸ್ಟಿಕ್ ಚೀಲದೊಳಗೇ ಒಡೆಯುತ್ತಾರೆ, ಇಲ್ಲವೇ ತೂತನ್ನು ಒಂದಿಷ್ಟು ಹಿಗ್ಗಿಸುತ್ತಾರೆ. ಆಪರೇಷನ್ ಥಿಯೇಟರಿನ ಬಾಗಿಲಿಗೆ ಮನೆಯವರನ್ನು ಕರೆದು ಸ್ಟೀಲ್ ಬಟ್ಟಲಲ್ಲಿ ಕಲ್ಲು ತೋರಿಸುವುದು ನಮ್ಮ ಆಸ್ಪತ್ರೆಗಳ ರೂಢಿ. ಕೆಲವರದು ಮೆಣಸಿನ ಕಾಳಿನಷ್ಟು ಚಿಕ್ಕ ಕಪ್ಪು ಕಲ್ಲು, ಇನ್ನು ಕೆಲವರದು ಒಂದೇ ಒಂದು ಹಳದಿ ಉಂಡೆ. ನೋಡಿ ತಲೆ ತಿರುಗುವವರು ಹೋಗಬೇಕಿಲ್ಲ.

ಇದು ಹೊಸ ವಿಧಾನವಾ? ನಮ್ಮ ಮೇಲೆ ಕಲಿಯೋದಿಲ್ಲ ತಾನೆ?

ಹೊಸತೇನಲ್ಲ. ಜರ್ಮನಿಯ ಸ್ತ್ರೀರೋಗತಜ್ಞ ಕುರ್ಟ್ ಸೆಮ್ 1980ರಲ್ಲಿ ಈ ರೀತಿ ಅಪೆಂಡಿಕ್ಸ್ ತೆಗೆದಾಗ, ಅವರನ್ನು ವೃತ್ತಿಯಿಂದಲೇ ಅಮಾನತು ಮಾಡಬೇಕೆಂದು ಅಲ್ಲಿನ ಸರ್ಜನ್‌ಗಳ ಸಂಘದ ಅಧ್ಯಕ್ಷರು ಪತ್ರ ಬರೆದಿದ್ದರು. 1985ರಲ್ಲಿ ಅದೇ ದೇಶದ ಎರಿಕ್ ಮ್ಯೂಹೆ ಪಿತ್ತಕೋಶ ತೆಗೆದರು, ಅವರಿಗೂ ಮೊದಲು ಸಿಕ್ಕಿದ್ದು ಅನುಮಾನವೇ. ಭಾರತದಲ್ಲಿ 1990ರಲ್ಲಿ ಮುಂಬಯಿಯ ಜೆ.ಜೆ. ಆಸ್ಪತ್ರೆಯಲ್ಲಿ ಡಾ. ತೆಹಮ್ಟನ್ ಉದ್ವಾಡಿಯಾ ಇದನ್ನು ಆರಂಭಿಸಿದರು. ಈಗ ಜಿಲ್ಲಾ ಆಸ್ಪತ್ರೆಗಳಲ್ಲೂ ಮಾಡುತ್ತಾರೆ.

ನಿಮ್ಮ ಎರಡನೇ ಪ್ರಶ್ನೆ ನ್ಯಾಯವಾದದ್ದು. ‘ನನ್ನ ಆಪರೇಷನ್ ಯಾರು ಮಾಡುತ್ತಾರೆ, ಅವರು ಇದನ್ನು ವಾಡಿಕೆಯಾಗಿ ಮಾಡುವವರೇ?’ ಎಂದು ನೇರವಾಗಿ ಕೇಳಿ. ಮೆಡಿಕಲ್ ಕಾಲೇಜಿನಲ್ಲಿ ಕಲಿಯುವವರೂ ಕೈ ಜೋಡಿಸುತ್ತಾರೆ, ಹಿರಿಯರು ಪಕ್ಕದಲ್ಲೇ ನಿಂತಿರಬೇಕು. ಕೇಳಿದ್ದಕ್ಕೆ ಬೇಸರ ಮಾಡಿಕೊಳ್ಳುವ ಸರ್ಜನ್‌ಗಿಂತ ಲೆಕ್ಕ ಕೊಡುವ ಸರ್ಜನ್ ವಾಸಿ.

ಪೂರ್ತಿ ಪ್ರಜ್ಞೆ ತಪ್ಪಿಸಲೇಬೇಕಾ? ಬೆನ್ನಿಗೆ ಸೂಜಿ ಕೊಟ್ಟರೆ ಸಾಲದಾ?

ಸಾಮಾನ್ಯವಾಗಿ ಜನರಲ್ ಅನಸ್ತೇಷಿಯಾವೇ. ಅನಿಲ ತುಂಬಿದಾಗ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯುವಿನ ಪರದೆ) ಮೇಲಕ್ಕೆ ಒತ್ತಿಕೊಂಡು ಉಸಿರಾಟ ಕಷ್ಟವಾಗುತ್ತದೆ, ಹಾಗಾಗಿ ಗಂಟಲಿಗೆ ಕೊಳವೆ ಹಾಕಿ ಯಂತ್ರದಿಂದ ಉಸಿರು ಕೊಡುವುದು ಸುರಕ್ಷಿತ. ಎಚ್ಚರವಾದ ಮೇಲೆ ಒಂದೆರಡು ದಿನ ಗಂಟಲು ಕೆರೆತ ಇರುವುದು ಆ ಕೊಳವೆಯಿಂದ. ಕೆಲವು ಕಡೆ ಬೆನ್ನಿಗೆ ಅರಿವಳಿಕೆ ಕೊಟ್ಟೂ ಮಾಡುತ್ತಾರೆ. ಅದನ್ನು ಅನಸ್ತೇಷಿಯಾ ವೈದ್ಯರ ತೀರ್ಮಾನಕ್ಕೆ ಬಿಡಿ.

‘ಅಗತ್ಯ ಬಿದ್ದರೆ ಹೊಟ್ಟೆ ತೆರೆಯಲು ಒಪ್ಪಿಗೆ ಇದೆ’ ಅಂತ ಸಹಿ ಹಾಕಿಸಿಕೊಂಡರು. ಯಾಕೆ?

ಕ್ಯಾಮೆರಾ ಒಳಗೆ ಹೋದ ಮೇಲೆಯೇ ಕೆಲವು ಸಂಗತಿ ತಿಳಿಯುವುದು. ಪದೇ ಪದೇ ಸೋಂಕಾದ ಪಿತ್ತಕೋಶ ಸುತ್ತಲಿನ ಕರುಳಿಗೆ ಅಂಟಿಕೊಂಡಿರಬಹುದು, ರಕ್ತಸ್ರಾವ ಹಿಡಿತಕ್ಕೆ ಬಾರದೆ ಹೋಗಬಹುದು, ನಾಳ ಎಲ್ಲಿದೆ ಎಂದೇ ಗೊತ್ತಾಗದಿರಬಹುದು. ಆಗ ಹಟಕ್ಕೆ ಬೀಳದೆ ಹೊಟ್ಟೆ ತೆರೆಯುವುದು ವಿವೇಕ. ಮುಂಚಿತವಾಗಿ ದಿನ ಗೊತ್ತು ಮಾಡಿಕೊಂಡು ಮಾಡಿಸುವವರಲ್ಲಿ ಹೀಗಾಗುವುದು ನೂರಕ್ಕೆ ಐದಕ್ಕಿಂತ ಕಡಿಮೆ. ಸೋಂಕಾಗಿ ತುರ್ತಾಗಿ ಬಂದವರಲ್ಲಿ ಜಾಸ್ತಿ. ಇನ್ನು ಕೆಲವೊಮ್ಮೆ ಕುತ್ತಿಗೆಯ ಭಾಗ ಮುಟ್ಟದೆ ಪಿತ್ತಕೋಶದ ಹೆಚ್ಚಿನ ಭಾಗ ಮಾತ್ರ ತೆಗೆದು ಮುಗಿಸುತ್ತಾರೆ, ಅದೂ ಒಪ್ಪಿತ ಕ್ರಮ.

‘ತೂತು ಅಂತ ಹೇಳಿ ಕೊಯ್ದುಬಿಟ್ಟರು’ ಎಂದು ವಾರ್ಡಿನಲ್ಲಿ ಜಗಳಕ್ಕೆ ನಿಲ್ಲುವ ನೆಂಟರಿದ್ದಾರೆ. ಆ ಗಾಯದಿಂದಲೇ ರೋಗಿ ಉಳಿದಿರುವ ಸಾಧ್ಯತೆ ಹೆಚ್ಚು.

ಹಾಗಂತ ಒಪ್ಪಿಗೆ ಪತ್ರವನ್ನು ಓದದೆ ಸಹಿ ಹಾಕಬೇಡಿ. ಅದು ಕನ್ನಡದಲ್ಲೇ ಬೇಕೆಂದು ಕೇಳಿ, ಇಲ್ಲದಿದ್ದರೆ ಓದಿ ಹೇಳಿಸಿಕೊಳ್ಳಿ. ಲ್ಯಾಪ್ರೋಸ್ಕೋಪಿ ಮಾಡಿ ನೋಡಲು ಮಾತ್ರ ಒಪ್ಪಿದ್ದ ಮಹಿಳೆಗೆ, ಆಕೆ ಪ್ರಜ್ಞೆಯಲ್ಲಿಲ್ಲದಾಗ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ತೆಗೆದ ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ: ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಲ್ಲ, ಜೀವಕ್ಕೆ ತುರ್ತು ಅಪಾಯವಿಲ್ಲದಿದ್ದರೆ ವಯಸ್ಕ ರೋಗಿಯ ಪರವಾಗಿ ಬೇರೆಯವರು ಒಪ್ಪುವಂತಿಲ್ಲ. ಅತ್ತೆ, ಗಂಡ, ಅಣ್ಣ ಯಾರೇ ಜೊತೆಗಿದ್ದರೂ ಸಹಿ ನಿಮ್ಮದೇ.

ಅಪಾಯ ಏನೇನು? ಮುಚ್ಚಿಡದೆ ಹೇಳಿ.

ಭಯಪಡಬೇಕಾದದ್ದು ಒಂದೇ: ಯಕೃತ್ತಿನಿಂದ ಕರುಳಿಗೆ ಹೋಗುವ ಮುಖ್ಯ ಪಿತ್ತನಾಳಕ್ಕೆ ಏಟು ಬೀಳುವುದು. ಸಾವಿರ ಆಪರೇಷನ್‌ಗಳಲ್ಲಿ ಮೂರರಿಂದ ಐದರಲ್ಲಿ ಹೀಗಾಗುತ್ತದೆ. ಹಾಗೆ ಏಟು ಬಿದ್ದರೆ ಇನ್ನೊಂದು ದೊಡ್ಡ ಆಪರೇಷನ್ ಬೇಕಾಗಬಹುದು, ತಿಂಗಳುಗಟ್ಟಲೆ ಆಸ್ಪತ್ರೆ ಅಲೆದಾಟವಾಗಬಹುದು. ‘ಎರಡು ಕಾಣುವ ತನಕ ಕತ್ತರಿಯಿಲ್ಲ’ ಎಂಬ ಕಟ್ಟುನಿಟ್ಟು ಇರುವುದು ಇದಕ್ಕಾಗಿಯೇ. ಇದಲ್ಲದೆ ರಕ್ತಸ್ರಾವ, ಪಿತ್ತರಸದ ಸೋರಿಕೆ, ಮೊದಲ ತೂತು ಮಾಡುವಾಗ ಕರುಳಿಗೋ ರಕ್ತನಾಳಕ್ಕೋ ತಾಗುವುದು, ಗಾಯದ ಸೋಂಕು, ಮುಂದೆಂದೋ ಹೊಕ್ಕುಳ ತೂತಿನಲ್ಲಿ ಹರ್ನಿಯಾ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು, ಇವೆಲ್ಲ ಅಪರೂಪವಾದರೂ ಇವೆ. ಹಿಂದೆ ಹೊಟ್ಟೆಯ ಆಪರೇಷನ್ ಆಗಿದ್ದರೆ, ಸಿಸೇರಿಯನ್ ಆದರೂ ಸರಿ, ಮೊದಲೇ ಹೇಳಿ. ಒಳಗೆ ಅಂಟು ಇರಬಹುದೆಂದು ಮೊದಲ ತೂತಿನ ಜಾಗ ಬದಲಿಸುತ್ತಾರೆ.

ಯಾವ ಮಾತ್ರೆ ನಿಲ್ಲಿಸಬೇಕು?

ನೀವಾಗಿ ಯಾವುದನ್ನೂ ನಿಲ್ಲಿಸಬೇಡಿ. ನುಂಗುವ ಎಲ್ಲ ಮಾತ್ರೆಗಳ ಪಟ್ಟಿಯನ್ನೋ ಖಾಲಿ ಸ್ಟ್ರಿಪ್‌ಗಳನ್ನೋ ತಂದು ತೋರಿಸಿ. ‘ಬಿಪಿದು ಒಂದು, ಕೆಂಪು ಮಾತ್ರೆ ಒಂದು’ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ.

ಬಿಪಿ ಮಾತ್ರೆಗಳಲ್ಲಿ ಹೆಚ್ಚಿನವನ್ನು ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಿನಲ್ಲಿ ನುಂಗಿಸುತ್ತಾರೆ. ಕ್ಲೊಪಿಡೊಗ್ರೆಲ್‌ನಂಥ ರಕ್ತ ತೆಳುವಾಗಿಸುವ ಮಾತ್ರೆಯನ್ನು ಐದರಿಂದ ಏಳು ದಿನ ಮೊದಲು ನಿಲ್ಲಿಸಲು ಹೇಳಬಹುದು. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಾದರೆ ಹೃದಯತಜ್ಞರ ಮಾತಿಲ್ಲದೆ ಅದನ್ನು ಮುಟ್ಟುವಂತಿಲ್ಲ. ಸಕ್ಕರೆ ಕಾಯಿಲೆಯವರು ಒಂದನ್ನು ವಿಶೇಷವಾಗಿ ಗಮನಿಸಬೇಕು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಹೆಸರಿನ ಮಾತ್ರೆಗಳನ್ನು ಕನಿಷ್ಠ ಮೂರು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಉಪವಾಸದ ಜೊತೆ ಅವು ಸೇರಿದರೆ ರಕ್ತದಲ್ಲಿ ಆಮ್ಲ ಏರುವ ಅಪಾಯವಿದೆ, ಸಕ್ಕರೆ ಮಟ್ಟ ಸರಿಯಾಗಿ ಕಂಡರೂ ಏರಬಹುದು. ತೂಕ ಇಳಿಸಲು ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ತೆಗೆದುಕೊಳ್ಳುತ್ತಿದ್ದರೆ ಹೇಳಿ, ಅದು ಹೊಟ್ಟೆ ಖಾಲಿಯಾಗುವುದನ್ನು ನಿಧಾನಿಸುತ್ತದೆ. ನಾಟಿ ಔಷಧಿ, ಕಷಾಯ, ಬೇರಿನ ಪುಡಿ ಇದ್ದರೂ ಹೇಳಿ, ಯಾರೂ ಬೈಯುವುದಿಲ್ಲ. ಬೀಡಿ, ಸಿಗರೇಟು ಬಿಡಲು ನಾಲ್ಕು ವಾರ ಸಿಕ್ಕರೆ ಬಹಳ ಒಳ್ಳೆಯದು.

ಹಿಂದಿನ ದಿನ ಏನು ಮಾಡಬೇಕು? ತಾಳಿ ತೆಗೆಯಲೇಬೇಕಾ?

ಗಟ್ಟಿ ಆಹಾರ ಆಪರೇಷನ್‌ಗೆ ಆರು ಗಂಟೆ ಮೊದಲು ನಿಲ್ಲಬೇಕು, ನೀರು ಎರಡು ಗಂಟೆ ಮೊದಲು. ಹಾಲು, ಹಾಲು ಹಾಕಿದ ಕಾಫಿ ನೀರಿನ ಲೆಕ್ಕಕ್ಕೆ ಬರುವುದಿಲ್ಲ. ‘ಒಂದೇ ಒಂದು ಲೋಟ ಕಾಫಿ’ಯಿಂದ ಆಪರೇಷನ್ ಮಧ್ಯಾಹ್ನಕ್ಕೆ ಹೋದವರಿದ್ದಾರೆ. ನಿಮ್ಮ ಆಸ್ಪತ್ರೆ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.

ಹೊಕ್ಕುಳ. ಇದನ್ನು ಯಾರೂ ನೆನಪಿಡುವುದಿಲ್ಲ. ಕ್ಯಾಮೆರಾ ಹೋಗುವುದು ಅಲ್ಲಿಂದಲೇ, ವರ್ಷಗಳ ಕೊಳೆ ಒಳಗೆ ಕಪ್ಪಗೆ ಗಟ್ಟಿಯಾಗಿ ಕೂತಿರುತ್ತದೆ. ಹಿಂದಿನ ಸಂಜೆ ಎರಡು ಹನಿ ಕೊಬ್ಬರಿ ಎಣ್ಣೆ ಬಿಟ್ಟು, ಅರ್ಧ ಗಂಟೆ ನೆನೆಯಲು ಬಿಡಿ. ಹತ್ತಿಯಲ್ಲಿ ಮೆಲ್ಲಗೆ ಒರೆಸಿ, ಸೋಪು ಹಚ್ಚಿ ಸ್ನಾನ ಮಾಡಿ. ಉಗುರಿನಿಂದ ಕೆರೆದು ಗಾಯ ಮಾಡಿಕೊಳ್ಳಬೇಡಿ. ಹೊಟ್ಟೆಯ ಕೂದಲನ್ನು ಮನೆಯಲ್ಲಿ ಬ್ಲೇಡಿನಿಂದ ಬೋಳಿಸಲೂ ಬೇಡಿ, ಆ ಸಣ್ಣ ಗೀರುಗಳಿಂದ ಸೋಂಕು ಹೆಚ್ಚುತ್ತದೆ.

ತಾಳಿ, ಕಾಲುಂಗುರ, ಬಳೆ, ಮೂಗುತಿ ತೆಗೆಯಲು ಹೇಳುವುದು ಶಾಸ್ತ್ರ ಮುರಿಯಲು ಅಲ್ಲ. ಕಾಟರಿಯ ವಿದ್ಯುತ್ ಲೋಹದ ಮೂಲಕ ಹರಿದರೆ ಆ ಜಾಗ ಸುಡಬಹುದು, ಕುತ್ತಿಗೆಯ ಸರ ಉಸಿರಿನ ಕೊಳವೆ ಹಾಕುವಾಗ ಅಡ್ಡ ಬರುತ್ತದೆ, ಬೆರಳು ಊದಿದರೆ ಉಂಗುರ ಕತ್ತರಿಸಿ ತೆಗೆಯಬೇಕಾಗುತ್ತದೆ. ತಾಳಿ ಪೂರ್ತಿ ತೆಗೆಯಲು ಮನಸ್ಸೊಪ್ಪದವರು ಅರಿಸಿನದ ದಾರ ಕಟ್ಟಿಕೊಂಡು ಬರುತ್ತಾರೆ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಚಿನ್ನವನ್ನು ವಾರ್ಡಿಗೆ ತರಬೇಡಿ. ಉಗುರುಬಣ್ಣ ಅಳಿಸಿ ಬನ್ನಿ, ಹೊಸ ಮೆಹಂದಿ ಹಚ್ಚಬೇಡಿ. ಆಮ್ಲಜನಕ ಅಳೆಯುವ ಕ್ಲಿಪ್ ಬೆರಳ ತುದಿಗೇ ಹಾಕುವುದು.

ಕಲ್ಲು ನಾಳಕ್ಕೆ ಜಾರಿದೆ ಅಂದರು. ಬಾಯಿಂದ ಟ್ಯೂಬ್ ಹಾಕ್ತಾರಂತೆ?

ಅದು ಇಆರ್‌ಸಿಪಿ. ಎಂಡೋಸ್ಕೋಪನ್ನು ಬಾಯಿಯ ಮೂಲಕ ಸಣ್ಣ ಕರುಳಿನ ಆರಂಭದವರೆಗೆ ಇಳಿಸಿ, ಪಿತ್ತನಾಳದ ಬಾಯಿ ಹಿಗ್ಗಿಸಿ ಕಲ್ಲು ಎಳೆಯುತ್ತಾರೆ. ಹೊಟ್ಟೆಗೆ ತೂತಿಲ್ಲ. ಇದಾದ ಮೇಲೆ ಅನೇಕರು ‘ಕಲ್ಲು ಹೋಯಿತಲ್ಲ’ ಎಂದು ಊರಿಗೆ ಹೋಗಿಬಿಡುತ್ತಾರೆ. ಪಿತ್ತಕೋಶದಲ್ಲಿ ಉಳಿದ ಕಲ್ಲು ಮತ್ತೆ ಜಾರಬಹುದು, ಮೇದೋಜೀರಕ ಗ್ರಂಥಿ ಊದಿಕೊಂಡು ಜೀವಕ್ಕೇ ಬರಬಹುದು. ಹೇಳಿದ ದಿನಕ್ಕೆ ಬಂದು ಪಿತ್ತಕೋಶ ತೆಗೆಸಿಕೊಳ್ಳಿ.

ಆಪರೇಷನ್ ಆಗಿದ್ದು ಹೊಟ್ಟೆಗೆ. ಹೆಗಲು ಯಾಕೆ ನೋಯುತ್ತೆ?

ಗಾಬರಿಯಾಗಬೇಡಿ. ಒಳಗೆ ಉಳಿದ ಅನಿಲ ವಪೆಯನ್ನು ಕೆರಳಿಸುತ್ತದೆ. ವಪೆಯ ನರವೂ ಹೆಗಲಿನ ನರವೂ ಕುತ್ತಿಗೆಯ ಒಂದೇ ಭಾಗದಿಂದ ಹೊರಡುವುದರಿಂದ ನೋವು ಹೆಗಲಿನದೇ ಎಂದು ಮಿದುಳು ತಿಳಿಯುತ್ತದೆ. ಎದ್ದು ಓಡಾಡಿದರೆ, ಬೆಚ್ಚಗಿನ ನೀರು ಕುಡಿದರೆ, ಕೊಟ್ಟ ಮಾತ್ರೆ ನುಂಗಿದರೆ ಎರಡು ಮೂರು ದಿನದಲ್ಲಿ ಹೋಗುತ್ತದೆ. ಎದೆ ಹಿಡಿದಂತಾಗಿ ಉಸಿರು ಕಟ್ಟಿದರೆ ಮಾತ್ರ ಅದು ಬೇರೆ ವಿಷಯ, ಕೂಡಲೇ ಸಿಸ್ಟರ್‌ಗೆ ತಿಳಿಸಿ.

ಊಟ ಯಾವಾಗ? ನಂಜಿನ ಪದಾರ್ಥ ತಿನ್ನಬಾರದು ಅಂತಾರೆ ನಮ್ಮತ್ತೆ.

ಎಚ್ಚರವಾಗಿ ನಾಲ್ಕಾರು ಗಂಟೆಗೆ ನೀರು, ವಾಂತಿಯಾಗದಿದ್ದರೆ ಗಂಜಿ, ಸಂಜೆ ಅಥವಾ ಮರುದಿನ ಇಡ್ಲಿ, ಮೆತ್ತಗಿನ ಅನ್ನ.

ಬದನೆಕಾಯಿ, ಆಲೂಗಡ್ಡೆ, ಕುಂಬಳಕಾಯಿ, ಮೀನು ನಂಜು, ತಿಂದರೆ ಗಾಯ ಕೀವಾಗುತ್ತದೆ ಎಂಬುದು ಮನೆಮನೆಯ ನಂಬಿಕೆ. ಕೀವಿಗೆ ಕಾರಣ ರೋಗಾಣು, ಬದನೆಕಾಯಿಯಲ್ಲ. ಗಾಯ ಮಾಯಲು ಪ್ರೋಟೀನ್ ಬೇಕು: ಬೇಳೆ, ಮೊಟ್ಟೆ, ಮೊಸರು, ಮೀನು ಎಲ್ಲ ತಿನ್ನಬಹುದು. ಬಾಣಂತಿಯ ಹಾಗೆ ಬರೀ ಮೆಣಸಿನ ಸಾರು ಅನ್ನದಲ್ಲಿ ಒಂದು ತಿಂಗಳು ಇಡುವುದರಿಂದ ಆಗುವುದು ನಿಶ್ಶಕ್ತಿ. ಅತ್ತೆಯವರ ಜೊತೆ ವಾದ ಬೇಡ ಎನಿಸಿದರೆ ಬದನೆಕಾಯಿಯೊಂದನ್ನು ಬಿಟ್ಟು ಉಳಿದದ್ದು ತಿನ್ನಿ, ನಷ್ಟವೇನಿಲ್ಲ. ಎಣ್ಣೆಯಲ್ಲಿ ಕರಿದದ್ದನ್ನು ಮೂರ್ನಾಲ್ಕು ವಾರ ಮಿತಿಯಲ್ಲಿಡಿ, ಆಮೇಲೆ ಹೊಟ್ಟೆ ಒಪ್ಪಿದಷ್ಟು.

ಸ್ನಾನ, ಬೈಕು, ಕೆಲಸ?

ನೀರು ತಾಗದ ಪಟ್ಟಿ ಹಾಕಿದ್ದರೆ ಎರಡು ದಿನದ ಮೇಲೆ ಸ್ನಾನ ಮಾಡಬಹುದು. ಕೆರೆ, ಬಾವಿ, ಈಜು ಗಾಯ ಪೂರ್ತಿ ಮಾಯುವವರೆಗೆ ಬೇಡ. ಹೊಲಿಗೆ ತಾನಾಗಿ ಕರಗುವಂಥದ್ದಲ್ಲದಿದ್ದರೆ ಏಳರಿಂದ ಹತ್ತು ದಿನಕ್ಕೆ ಬಿಚ್ಚುತ್ತಾರೆ. ಆಸ್ಪತ್ರೆಯಲ್ಲಿ ಒಂದೆರಡು ದಿನ, ಕುಳಿತು ಮಾಡುವ ಕೆಲಸಕ್ಕೆ ಒಂದು ವಾರದಲ್ಲಿ ಮರಳಬಹುದು. ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಹೊಟ್ಟೆ ಚುರುಕ್ಕೆನ್ನದಿದ್ದರೆ ಬೈಕು.

ಭಾರ ಎತ್ತುವುದರಲ್ಲೇ ಎಡವುವುದು. ಹೊರಗಿನ ಗಾಯ ಒಣಗಿ ಚೆನ್ನಾಗಿ ಕಾಣುವುದರಿಂದ ಹತ್ತನೇ ದಿನಕ್ಕೆ ತುಂಬಿದ ಬಿಂದಿಗೆ ಸೊಂಟಕ್ಕೇರುತ್ತದೆ. ತುಂಬಿದ ಗ್ಯಾಸ್ ಸಿಲಿಂಡರ್ ಸುಮಾರು 30 ಕಿಲೋ ಇರುತ್ತದೆ. ಹೊಕ್ಕುಳ ಕೆಳಗಿನ ಗಟ್ಟಿ ಪದರ ಬಲಗೊಳ್ಳಲು ವಾರಗಳು ಬೇಕು. ಹೊಲದ ಕೆಲಸ, ಮೂಟೆ, ಬಿಂದಿಗೆ, ಸಿಲಿಂಡರ್ ಇವಕ್ಕೆಲ್ಲ ಒಂದು ತಿಂಗಳ ರಜೆ. ಮನೆಯ ಗಂಡಸರು ಇದನ್ನು ಎರಡು ಸಲ ಓದಿದರೂ ತಪ್ಪಿಲ್ಲ.

ಮೂರು ವಾರ ಚೆನ್ನಾಗಿದ್ದೆ. ಈಗ ತೂತಿನ ಜಾಗದಲ್ಲಿ ಗಂಟಾಗಿ ನೀರು ಸೋರುತ್ತಿದೆ.

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಸಾಮಾನ್ಯ ಸೋಂಕು ಮೊದಲ ವಾರದಲ್ಲೇ ಕಾಣಿಸಿಕೊಳ್ಳುತ್ತದೆ. ಮೂರ್ನಾಲ್ಕು ವಾರ ಕಳೆದು ನೋವಿಲ್ಲದ ಗಂಟು, ತೆಳು ಕೀವು ಬಂದರೆ ಕ್ಷಯದ ರೋಗಾಣುವಿನ ಬಳಗಕ್ಕೆ ಸೇರಿದ, ಆದರೆ ಕ್ಷಯವಲ್ಲದ ರೋಗಾಣುಗಳನ್ನು ಅನುಮಾನಿಸಬೇಕು. ಲ್ಯಾಪ್ರೋಸ್ಕೋಪಿಯ ಸೂಕ್ಷ್ಮ ಉಪಕರಣಗಳನ್ನು ಸರಿಯಾಗಿ ಬಿಡಿಸಿ ತೊಳೆಯದೆ, ಬರೀ ದ್ರಾವಣದಲ್ಲಿ ಅದ್ದಿ, ನಲ್ಲಿ ನೀರಲ್ಲಿ ಜಾಲಿಸಿದರೆ ಇವು ಉಳಿದುಕೊಳ್ಳುತ್ತವೆ. ಮೆಡಿಕಲ್ ಶಾಪಿನಲ್ಲಿ ಕೊಡುವ ಐದು ದಿನದ ಆಂಟಿಬಯಾಟಿಕ್‌ಗೆ ಇವು ಬಗ್ಗುವುದಿಲ್ಲ. ಯಾವ ರೋಗಾಣು ಎಂದು ತಿಳಿಯಲು ಕೀವನ್ನು ಲ್ಯಾಬಿನ ಕಲ್ಚರ್ ಪರೀಕ್ಷೆಗೆ ಕಳಿಸಿ, ಬೇರೆ ಔಷಧಿಯನ್ನು ತಿಂಗಳುಗಟ್ಟಲೆ ಕೊಡಬೇಕಾಗುತ್ತದೆ. ಆಪರೇಷನ್ ಮಾಡಿದ ಆಸ್ಪತ್ರೆಗೇ ಹೋಗಿ ತೋರಿಸಿ, ಅವರಿಗೂ ಇದು ಗೊತ್ತಾಗಬೇಕು.

ಯಾವಾಗ ತಕ್ಷಣ ಆಸ್ಪತ್ರೆಗೆ ಬರಬೇಕು?

ಲ್ಯಾಪ್ರೋಸ್ಕೋಪಿಯಾದ ಮೇಲೆ ನೋವು ದಿನದಿಂದ ದಿನಕ್ಕೆ ಇಳಿಯಬೇಕು. ಇಳಿಯುತ್ತಿದ್ದುದು ಮತ್ತೆ ಏರಿದರೆ ಏನೋ ಎಡವಟ್ಟಾಗಿದೆ ಎಂದೇ ತಿಳಿಯಿರಿ. ಚಳಿ ಜ್ವರ, ಹೊಟ್ಟೆ ಬಿಗಿದು ಉಬ್ಬುವುದು, ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಮೂತ್ರ ಗಾಢ ಹಳದಿಯಾಗಿ ಮಲ ಬಿಳಿಚಿಕೊಳ್ಳುವುದು, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಉಸಿರು ಕಟ್ಟುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ಡಿಸ್ಚಾರ್ಜ್ ಕಾರ್ಡ್ ಜೊತೆಗಿರಲಿ.

ಒಳಗೆ ಬಿಟ್ಟ ಕ್ಲಿಪ್ ಏನಾಗುತ್ತೆ?

ಅಲ್ಲೇ ಇರುತ್ತದೆ. ಹೆಚ್ಚಿನವು ಟೈಟಾನಿಯಂನವು, ತುಕ್ಕು ಹಿಡಿಯುವುದಿಲ್ಲ, ಆಯಸ್ಕಾಂತಕ್ಕೆ ಅಂಟುವುದಿಲ್ಲ. ಎಂಆರ್‌ಐ ಮಾಡಿಸುವಾಗ ಒಂದು ಮಾತು ಹೇಳಿದರೆ ಸಾಕು.

ಬಸುರಿಗೆ ಮಾಡಬಹುದಾ? ನಮ್ಮಜ್ಜಿಗೆ 78.

ಬಸುರಿಯಲ್ಲಿ ಸಾಧ್ಯವಾದರೆ ಹೆರಿಗೆವರೆಗೆ ತಳ್ಳುತ್ತಾರೆ. ನೋವು ಪದೇ ಪದೇ ಬಂದರೆ, ಸೋಂಕಾದರೆ ಮಾಡಬೇಕಾಗುತ್ತದೆ. ನಾಲ್ಕರಿಂದ ಆರನೇ ತಿಂಗಳು ಅನುಕೂಲದ ಕಾಲ. ಅಜ್ಜಿಯ ವಿಷಯದಲ್ಲಿ ವಯಸ್ಸಿಗಿಂತ ಹೃದಯ, ಶ್ವಾಸಕೋಶ ಹೇಗಿವೆ ಎಂಬುದೇ ಲೆಕ್ಕ. ತಡೆಯುವ ಶಕ್ತಿ ಇದ್ದರೆ ದೊಡ್ಡ ಗಾಯವಿಲ್ಲದೆ ಬೇಗ ಎದ್ದು ಓಡಾಡುವುದು ವಯಸ್ಸಾದವರಿಗೇ ಹೆಚ್ಚು ಲಾಭ.

ಅಮ್ಮನ ಗರ್ಭಕೋಶವನ್ನೂ ತೂತಿನಲ್ಲೇ ತೆಗೆಸೋಣವೇ?

ತೆಗೆಯಬೇಕೋ ಬೇಡವೋ ಎಂಬುದು ಮೊದಲ ಪ್ರಶ್ನೆ, ಹೇಗೆ ಎಂಬುದು ಆಮೇಲಿನದು. ಬರೀ ಬಿಳಿಸೆರಗು, ಸೊಂಟನೋವಿಗೆ ಗರ್ಭಕೋಶ ತೆಗೆಸುವ ಅಗತ್ಯವಿಲ್ಲ. ಯಾರಾದರೂ ‘ಕ್ಯಾನ್ಸರ್ ಆಗಿಬಿಡುತ್ತೆ’ ಎಂದು ಹೆದರಿಸಿದರೆ ಇನ್ನೊಬ್ಬ ವೈದ್ಯರಿಗೆ ತೋರಿಸಿ. ನಿಜವಾಗಿ ಬೇಕಿದ್ದು, ಯೋನಿಯ ಮೂಲಕ ತೆಗೆಯಲು ಬರುವುದಾದರೆ ಅದೇ ಒಳ್ಳೆಯ ದಾರಿ, ಹೊಟ್ಟೆಗೆ ಒಂದು ತೂತೂ ಬೇಡ.

ರೋಬೋಟ್, ಒಂದೇ ತೂತಿನ ಆಪರೇಷನ್ ಇನ್ನೂ ಒಳ್ಳೆಯದಾ?

ರೋಬೋಟ್ ತಾನಾಗಿ ಆಪರೇಷನ್ ಮಾಡುವುದಿಲ್ಲ, ಪಕ್ಕದಲ್ಲಿ ಕುಳಿತ ಸರ್ಜನ್‌ನ ಕೈಚಲನೆಯನ್ನೇ ಒಳಗೆ ಮಾಡುತ್ತದೆ. ಪ್ರಾಸ್ಟೇಟ್‌ನಂಥ ಇಕ್ಕಟ್ಟಿನ ಜಾಗಗಳಲ್ಲಿ ಅದಕ್ಕೆ ಬೆಲೆಯಿದೆ. ಸಾಮಾನ್ಯ ಪಿತ್ತಕೋಶಕ್ಕೆ ಅದು ದುಡ್ಡು ಹೆಚ್ಚು ಕೊಟ್ಟು ಅದೇ ಫಲ ಪಡೆಯುವುದು. ಒಂದೇ ತೂತಿನ ವಿಧಾನದಲ್ಲಿ ಆ ತೂತು ದೊಡ್ಡದಿರುತ್ತದೆ, ಹರ್ನಿಯಾ ತುಸು ಹೆಚ್ಚು. ನಾವಾದರೆ ನಾಲ್ಕು ತೂತಿಗೇ ಹೇಳುತ್ತೇವೆ.

ಖರ್ಚು? ಕಾರ್ಡ್ ನಡೆಯುತ್ತಾ?

ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಇಲ್ಲದ ಆಪರೇಷನ್‌ಗೆ ಮೊದಲು ಸರ್ಕಾರಿ ಆಸ್ಪತ್ರೆ, ಅಲ್ಲಿ ಸೌಲಭ್ಯವಿಲ್ಲದಿದ್ದರೆ ಅಲ್ಲಿನ ರೆಫರಲ್ ಪತ್ರದೊಂದಿಗೆ ಖಾಸಗಿ ಆಸ್ಪತ್ರೆ. ಇದೇ ಕ್ರಮ. ಪತ್ರವಿಲ್ಲದೆ ನೇರ ಖಾಸಗಿಗೆ ಹೋಗಿ ಅಡ್ಮಿಟ್ ಆದ ಮೇಲೆ ಕಾರ್ಡ್ ತೋರಿಸಿದರೆ ಕೆಲಸವಾಗುವುದಿಲ್ಲ. ಯೋಜನೆಯ ಕೆಲಸಕ್ಕೆಂದೇ ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರನ್ನು ಮೊದಲೇ ಕಂಡು ಮಾತಾಡಿ. ಸಹಕಾರ ಸಂಘದ ಸದಸ್ಯರು ತಮಗೆಂದೇ ಇರುವ ಯಶಸ್ವಿನಿ ಆರೋಗ್ಯ ಯೋಜನೆಯ ಬಗ್ಗೆಯೂ ವಿಚಾರಿಸಿ. ಖಾಸಗಿ ವಿಮೆ ಇದ್ದವರು ಪಾಲಿಸಿಯ ಕಾಯುವ ಅವಧಿ ನೋಡಿಕೊಳ್ಳಿ. ಪಿತ್ತಕೋಶದ ಕಲ್ಲು, ಹರ್ನಿಯಾ, ಗರ್ಭಕೋಶ ಇವಕ್ಕೆ ಅನೇಕ ಪಾಲಿಸಿಗಳಲ್ಲಿ ಮೊದಲ ಎರಡು ವರ್ಷ ದುಡ್ಡು ಬರುವುದಿಲ್ಲ.

ತೆಗೆದ ಚೀಲವನ್ನು ಲ್ಯಾಬಿಗೆ ಕಳಿಸಿದ್ದಾರೆ. ಕ್ಯಾನ್ಸರ್ ಅನುಮಾನವಾ?

ಅಲ್ಲ, ಸಾಮಾನ್ಯವಾಗಿ ಎಲ್ಲರದನ್ನೂ ಕಳಿಸುತ್ತಾರೆ. ಹೊರಗಿನಿಂದ ಚೆನ್ನಾಗಿ ಕಂಡ ಪಿತ್ತಕೋಶದಲ್ಲಿ ಅತಿ ಅಪರೂಪಕ್ಕೆ ಕ್ಯಾನ್ಸರ್ ಸಿಗುವುದುಂಟು, ಅಷ್ಟು ಬೇಗ ಸಿಕ್ಕರೆ ಗುಣವಾಗುವ ಅವಕಾಶ ಹೆಚ್ಚು. ವರದಿಗೆ ಒಂದೆರಡು ವಾರ ಹಿಡಿಯಬಹುದು. ಹೊಲಿಗೆ ಬಿಚ್ಚಿಸಿಕೊಂಡ ಮೇಲೆ ಹೆಚ್ಚಿನವರು ಈ ಕಡೆ ತಲೆ ಹಾಕುವುದಿಲ್ಲ, ವರದಿಗಳು ಲ್ಯಾಬಿನ ಕಪಾಟಿನಲ್ಲೇ ಉಳಿಯುತ್ತವೆ. ಫೋನ್ ಮಾಡಿ ಬಂದಿದೆಯೇ ಎಂದು ಕೇಳಿ, ನಿಮ್ಮ ಸರ್ಜನ್‌ಗೆ ಒಮ್ಮೆ ತೋರಿಸಿ, ಡಿಸ್ಚಾರ್ಜ್ ಕಾರ್ಡಿನ ಜೊತೆ ಪಿನ್ ಮಾಡಿ ಇಟ್ಟುಕೊಳ್ಳಿ.